ಎರಡು ಗೆರೆಗಳ ನಡುವಿನ ನೀರು

ಯಾದಗಿರಿ, ಶಹಾಪುರ, ಸುರಪುರದ ಕಡೆ ಬೋರ್‌ವೆಲ್ ಇರುವ ಅನೇಕ ಹೊಲಗಳಲ್ಲಿ ಆಟೋ ಸ್ಟಾರ್ಟರ್ ಎಂಬ ಸಣ್ಣ ಪೆಟ್ಟಿಗೆ ಇರುತ್ತದೆ. ತ್ರೀ ಫೇಸ್ ಕರೆಂಟು ಪಾಳಿಯಂತೆ ಒಮ್ಮೆ ಹಗಲು ಬಂದರೆ ಒಮ್ಮೆ ನಡುರಾತ್ರಿ ಬರುತ್ತದೆ. ನಿದ್ದೆಗಣ್ಣಲ್ಲಿ ಎದ್ದು ಹೊಲಕ್ಕೆ ಹೋಗುವ ಕಷ್ಟವನ್ನು ಆ ಪೆಟ್ಟಿಗೆ ತಪ್ಪಿಸುತ್ತದೆ. ಕರೆಂಟು ಬಂದದ್ದನ್ನು ಗುರುತಿಸಿ, ತುಸು ಹೊತ್ತು ತಡೆದು, ತಾನೇ ಮೋಟರು ಚಾಲೂ ಮಾಡುತ್ತದೆ. ಆದರೆ ತೊಟ್ಟಿ ತುಂಬಿತೇ, ಕೊಳವೆಬಾವಿಯಲ್ಲಿ ನೀರು ಉಳಿದಿದೆಯೇ ಎಂಬುದು ಅದಕ್ಕೆ ತಿಳಿಯದು. ಕರೆಂಟಿನ ಸುದ್ದಿ ಗೊತ್ತಿರುವ ಯಂತ್ರಕ್ಕೆ ನೀರಿನ ಸುದ್ದಿ ಗೊತ್ತಿಲ್ಲ.

ಮನೆಯ ಮಾಳಿಗೆಯ ಮೇಲಿನ ಟ್ಯಾಂಕಿನ ಕಥೆಯೂ ಇದೇ. ಮೋಟರು ಹಾಕಿದವರು ಬೇರೆ ಕೆಲಸದಲ್ಲಿ ಮರೆತರೆ ನೀರು ಗೋಡೆಗುಂಟ ಇಳಿದು ಓಣಿಯ ಪಾಲಾಗುತ್ತದೆ. ಬೇಸಿಗೆಯಲ್ಲಿ ಕೊಡ ನೀರಿಗೂ ಲೆಕ್ಕ ಹಾಕುವ ಊರುಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಮಕ್ಕಳಿಗೆ ಮನೆಯಲ್ಲಿಯೇ ಎಲೆಕ್ಟ್ರಾನಿಕ್ಸ್, ಕೋಡಿಂಗ್, ಎಂಜಿನಿಯರಿಂಗ್ ಪರಿಚಯಿಸಬೇಕೆಂದಿರುವ ತಂದೆತಾಯಿಗಳಿಗೆ ಈ ತೊಂದರೆಗಿಂತ ಒಳ್ಳೆಯ ಪಠ್ಯಪುಸ್ತಕ ಸಿಗಲಾರದು. ಬಣ್ಣದ ಡಬ್ಬಿಯಲ್ಲಿ ಬರುವ ದುಬಾರಿ ಕಿಟ್ ಮಗುವಿಗೆ ಉತ್ತರಗಳನ್ನು ಕೊಡುತ್ತದೆ. ಪ್ರಶ್ನೆ ಯಾವುದೆಂದು ಹೇಳುವುದಿಲ್ಲ. ತಾನು ದಿನವೂ ಕಾಣುವ ತೊಂದರೆಯನ್ನು ಬಗೆಹರಿಸಲು ಕೂತ ಮಗುವಿಗೆ ಪ್ರತಿ ತಂತಿಗೂ, ಪ್ರತಿ ಬಿಡಿಭಾಗಕ್ಕೂ ಒಂದು ಕಾರಣ ಕಾಣುತ್ತದೆ. ಆದ್ದರಿಂದ ಈ ಅಧ್ಯಾಯದುದ್ದಕ್ಕೂ ಒಂದೇ ಪ್ರಶ್ನೆಯ ಬೆನ್ನು ಹತ್ತೋಣ: ಟ್ಯಾಂಕು ತುಂಬಿದ್ದನ್ನು ಯಂತ್ರಕ್ಕೆ ತಿಳಿಸುವುದು ಹೇಗೆ?

ಮೊದಲು ಅಳತೆ

ತಾನಾಗಿ ನಡೆಯುವ ಯಾವ ಯಂತ್ರವೂ ಮೂರು ಕೆಲಸ ಮಾಡುತ್ತದೆ. ಸುತ್ತಲಿನ ಸ್ಥಿತಿಯನ್ನು ಅರಿಯುತ್ತದೆ, ಏನು ಮಾಡಬೇಕೆಂದು ತೀರ್ಮಾನಿಸುತ್ತದೆ, ಆಮೇಲೆ ಅದನ್ನು ಮಾಡುತ್ತದೆ. ಮನೆಯ ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ರೈಲ್ವೆ ಸಿಗ್ನಲ್ಲು ಎಲ್ಲದರಲ್ಲೂ ಈ ಮೂರನ್ನು ಹುಡುಕಿ ತೋರಿಸುವಂತೆ ಮಗುವಿಗೆ ಹೇಳಿ. ಎಂಟು ವರ್ಷದ ಮಗುವಿಗೂ ಈ ಆಟ ಬೇಗ ಹತ್ತುತ್ತದೆ.

ಅರಿಯುವುದಕ್ಕೆ ಮೊದಲು ಅಳೆಯಬೇಕು. ಒಂದು ಬಕೆಟ್ಟಿನ ಒಳಗೋಡೆಗೆ ಪ್ಲಾಸ್ಟಿಕ್ ಸ್ಕೇಲನ್ನು ನೆಟ್ಟಗೆ ಅಂಟಿಸಿ, ನೀರು ಎಷ್ಟು ಸೆಂಟಿಮೀಟರಿನಲ್ಲಿದೆ ಎಂದು ಮಗು ಬರೆದಿಡಲಿ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದ ಮಟ್ಟ ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಕೃಷ್ಣೆಯಂಥ ನದಿಯನ್ನು ತಡೆದಿಟ್ಟ ಎಂಜಿನಿಯರುಗಳು ಆಡುವ ಭಾಷೆಯೂ ಬಕೆಟ್ಟಿನ ಸ್ಕೇಲಿನ ಭಾಷೆಯೂ ಒಂದೇ ಎಂಬುದು ಮಗುವಿಗೆ ಆಗಲೇ ತಿಳಿಯಬೇಕು.

ಎರಡನೆಯ ಹೆಜ್ಜೆಗೂ ಕರೆಂಟು ಬೇಡ. ಥರ್ಮಾಕೋಲಿನ ತುಂಡೊಂದನ್ನು ನೀರಿನ ಮೇಲೆ ತೇಲಿಬಿಟ್ಟು, ಅದಕ್ಕೆ ಕಟ್ಟಿದ ದಾರವನ್ನು ಬಕೆಟ್ಟಿನ ಅಂಚಿನಲ್ಲಿಟ್ಟ ದಾರದ ಖಾಲಿ ರೀಲಿನ ಮೇಲೆ ಹಾಯಿಸಿ, ಹೊರಗಿನ ತುದಿಗೆ ಸಣ್ಣ ತೂಕ ಕಟ್ಟಿ. ಒಳಗೆ ನೀರು ಏರಿದಂತೆ ಹೊರಗೆ ತೂಕ ಇಳಿಯುತ್ತದೆ. ಟ್ಯಾಂಕಿನ ಒಳಗೆ ಇಣುಕದೆ ನೀರಿನ ಮಟ್ಟ ಹೇಳುವ ಉಪಕರಣ ಸಿದ್ಧ. ತೂಕ ಹೆಚ್ಚಾದರೆ ಥರ್ಮಾಕೋಲ್ ಮೇಲೆದ್ದು ನಿಲ್ಲುತ್ತದೆ, ಕಡಿಮೆಯಾದರೆ ದಾರ ಸಡಿಲವಾಗುತ್ತದೆ. ಸರಿಯಾದ ತೂಕ ಹುಡುಕುವ ಆ ಒಂದು ತಾಸು ಪೂರ್ತಿ ಎಂಜಿನಿಯರಿಂಗ್ ಪಾಠವೇ.

ಮೊದಲ ಬೆಳಕು

ಇನ್ನು ಕರೆಂಟಿಗೆ ಬರೋಣ. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಎರಡು ಸೆಲ್ಲು, ಒಂದು ಕೆಂಪು ಎಲ್‌ಇಡಿ, 100 ಓಮ್‌ನ ಒಂದು ರೆಸಿಸ್ಟರ್, ಒಂದಿಷ್ಟು ತಂತಿ. ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ 3 ವೋಲ್ಟ್. ಕೆಂಪು ಎಲ್‌ಇಡಿ ಬೆಳಗಲು ಸುಮಾರು 2 ವೋಲ್ಟ್ ಬೇಕು. ಉಳಿದ 1 ವೋಲ್ಟನ್ನು ರೆಸಿಸ್ಟರ್ ಹೊರುತ್ತದೆ. 1 ವೋಲ್ಟನ್ನು 100 ಓಮ್‌ನಿಂದ ಭಾಗಿಸಿದರೆ 10 ಮಿಲಿಆಂಪಿಯರ್. ಎಲ್‌ಇಡಿ ಸುಖವಾಗಿ ತಾಳಿಕೊಳ್ಳುವ ಪ್ರವಾಹ. ಭಾಗಾಕಾರ ಕಲಿತ ಮಗು ಓಮನ ನಿಯಮವನ್ನು ತಾನೇ ಉಪಯೋಗಿಸಿ ದೀಪ ಹೊತ್ತಿಸಿದಂತಾಯಿತು.

ಎಲ್‌ಇಡಿಯ ಉದ್ದ ಕಾಲು ಪಾಸಿಟಿವ್ ಕಡೆಗೆ ಬರಬೇಕು. ಇದನ್ನು ಮೊದಲೇ ಹೇಳಿಕೊಡಬೇಡಿ. ತಿರುವು ಮುರುವು ಹಾಕಿದರೆ ದೀಪ ಹೊತ್ತುವುದಿಲ್ಲ, 3 ವೋಲ್ಟಿಗೆ ಎಲ್‌ಇಡಿ ಕೆಡುವುದೂ ಇಲ್ಲ. ಟಾರ್ಚಿನ ಹಳೆಯ ಬಲ್ಬು ಹೇಗೆ ಹಾಕಿದರೂ ಹೊತ್ತುತ್ತದೆ, ಇದು ಒಂದೇ ಕಡೆಗೆ ಯಾಕೆ ಎಂಬ ಪ್ರಶ್ನೆ ಮಗುವಿನಿಂದಲೇ ಬರಲಿ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಅರೆವಾಹಕದ ಕಥೆಯನ್ನು ಆಗ ಹೇಳಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಈಗ ತಂತಿಯನ್ನು ಒಂದು ಕಡೆ ಕತ್ತರಿಸಿ, ಆ ಎರಡು ತುದಿಗಳ ನಡುವೆ ಮನೆಯ ವಸ್ತುಗಳನ್ನು ಒಂದೊಂದಾಗಿ ಇಡಿ. ಸ್ಟೀಲ್ ಚಮಚೆ, ನೂಲು, ಬೀಗದ ಕೈ, ಜೋಳದ ದಂಟು, ಪೆನ್ಸಿಲ್ಲಿನ ಕಡ್ಡಿ. ಯಾವುದು ದೀಪ ಹೊತ್ತಿಸುತ್ತದೆ, ಯಾವುದು ಇಲ್ಲ ಎಂದು ಎರಡು ಪಟ್ಟಿ ಮಾಡಿಸಿ. ಕೊನೆಗೆ ಎರಡೂ ತುದಿಗಳನ್ನು ನೀರಿನಲ್ಲಿ ಅದ್ದಿ. ದೀಪ ಹೊತ್ತುವುದಿಲ್ಲ, ಹೊತ್ತಿದರೂ ಕಂಡೂ ಕಾಣದಷ್ಟು. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬೇಡ ಎಂದು ದಿನವೂ ಕೇಳುವ ಮಗುವಿಗೆ ಇದು ಅಚ್ಚರಿ. ನೀರಿನಲ್ಲಿ ವಿದ್ಯುತ್ ಹಾಯುತ್ತದೆ ನಿಜ. ಆದರೆ ಇಷ್ಟು ಕಡಿಮೆ ವೋಲ್ಟಿಗೆ ಹಾಯುವ ಪ್ರವಾಹ ದೀಪ ಬೆಳಗಲು ಸಾಲದು. ಆ ಚೂರು ಪ್ರವಾಹದಿಂದಲೇ ದೊಡ್ಡ ಕೆಲಸ ಮಾಡಿಸುವ ಉಪಾಯ ಬೇಕು.

ಸಣ್ಣ ಪ್ರವಾಹದ ಅಧಿಕಾರ

ಆ ಉಪಾಯವೇ ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಮೊದಲು ತೋರಿಸಿದ ಈ ಸಾಧನ ಇಂದು ಕೈಯಲ್ಲಿರುವ ಮೊಬೈಲಿನೊಳಗೆ ಕೋಟಿ ಕೋಟಿ ಲೆಕ್ಕದಲ್ಲಿದೆ. ಬಿಡಿಯಾಗಿ ಸಿಗುವ ಬಿಸಿ 547 ಎಂಬ ಟ್ರಾನ್ಸಿಸ್ಟರಿನ ಬೆಲೆ ಕೆಲವೇ ರೂಪಾಯಿ. ಅದಕ್ಕೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ಕಾಲು ಕೆಳಗೆ ಮಾಡಿದರೆ ಎಡದಿಂದ ಬಲಕ್ಕೆ ಇದೇ ಕ್ರಮ.

ಕಾಲುವೆ ಸೀಮೆಯ ಮಗುವಿಗೆ ಇದರ ಕೆಲಸ ವಿವರಿಸುವುದು ಸುಲಭ. ತೂಬಿನ ಗೇಟನ್ನು ಒಬ್ಬ ಮನುಷ್ಯ ತನ್ನ ತೋಳ್ಬಲದಿಂದ ತಿರುಗಿಸಿ ಎತ್ತುತ್ತಾನೆ. ಅವನ ಬಲಕ್ಕೆ ಹೋಲಿಸಲಾಗದಷ್ಟು ನೀರು ಅದರ ಕೆಳಗೆ ನುಗ್ಗುತ್ತದೆ. ಹಾಗೆಯೇ ಬೇಸ್‌ಗೆ ಹೋಗುವ ಚೂರು ಪ್ರವಾಹ ಕಲೆಕ್ಟರಿನಿಂದ ಎಮಿಟರಿಗೆ ನೂರು ಪಟ್ಟಿಗೂ ಹೆಚ್ಚು ಪ್ರವಾಹಕ್ಕೆ ದಾರಿ ಬಿಡುತ್ತದೆ.

ಜೋಡಣೆ ಹೀಗೆ. 9 ವೋಲ್ಟ್ ಬ್ಯಾಟರಿಯ ಪಾಸಿಟಿವ್‌ನಿಂದ ಬಜರಿನ ಕೆಂಪು ತಂತಿಗೆ, ಬಜರಿನ ಕಪ್ಪು ತಂತಿಯಿಂದ ಕಲೆಕ್ಟರಿಗೆ, ಎಮಿಟರಿನಿಂದ ಬ್ಯಾಟರಿಯ ನೆಗೆಟಿವ್‌ಗೆ. ಪಾಸಿಟಿವ್‌ನಿಂದಲೇ ಇನ್ನೊಂದು ತಂತಿ ಹೊರಟು ಬಕೆಟ್ಟಿನ ತಳ ಮುಟ್ಟಲಿ. ಬೇಸ್‌ಗೆ 1,000 ಓಮ್ ರೆಸಿಸ್ಟರ್ ಸೇರಿಸಿ, ಅದರ ಇನ್ನೊಂದು ತುದಿಯ ತಂತಿಯನ್ನು ಬಕೆಟ್ಟಿನ ಮೇಲಿನ ಗೆರೆಯ ಬಳಿ ಇಳಿಬಿಡಿ. ನೀರು ಏರಿ ಆ ತುದಿಯನ್ನು ಮುಟ್ಟಿದ ಕೂಡಲೇ ನೀರೇ ತಂತಿಯಾಗುತ್ತದೆ, ಬಜರು ಕೂಗುತ್ತದೆ. ಇಡೀ ಸಾಮಾನಿನ ಖರ್ಚು ನೂರು ರೂಪಾಯಿಯ ಆಸುಪಾಸು. ಬೆಸುಗೆ ಹಾಕದೆ ತಂತಿ ಹೊಸೆದು ಟೇಪು ಸುತ್ತಿದರೂ ನಡೆಯುತ್ತದೆ.

ಇಲ್ಲಿಂದ ಇನ್ನೊಂದು ಪ್ರಯೋಗಕ್ಕೆ ದಾರಿ ಇದೆ. ಬೋರ್‌ವೆಲ್ ನೀರು, ಶುದ್ಧ ನೀರಿನ ಘಟಕದಿಂದ ತಂದ ನೀರು, ಮಳೆನೀರು, ಈ ಮೂರನ್ನು ಒಂದೇ ಅಳತೆಯ ಲೋಟಗಳಲ್ಲಿಟ್ಟು, ಎರಡು ತಂತಿಗಳ ಅಂತರ ಬದಲಾಗದಂತೆ ನೋಡಿಕೊಂಡು, ಎಷ್ಟು ಪ್ರವಾಹ ಹಾಯುತ್ತದೆಂದು ಮಲ್ಟಿಮೀಟರಿನಿಂದ ಅಳೆಯಿರಿ. ಲವಣ ಹೆಚ್ಚಿದ್ದ ನೀರಿನಲ್ಲಿ ಪ್ರವಾಹ ಹೆಚ್ಚು. ಯಾದಗಿರಿ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಮನೆಮನೆಗೂ ಗೊತ್ತು. ಆದರೆ ಈ ಮೀಟರು ಒಟ್ಟು ಲವಣದ ಸೂಚನೆ ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ ಎಂದು ಹೇಳಲಾರದು. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ಒಂದು ಉಪಕರಣ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಕ ಅಳತೆಯಷ್ಟೇ ಮುಖ್ಯ.

ಹಸಿರು ಹಿಡಿದ ತಂತಿ

ಬಜರು ಕೂಗಿದ ದಿನ ಮಗು ಕುಣಿಯುತ್ತದೆ. ನಿಜವಾದ ಪಾಠ ಕೆಲವು ವಾರಗಳ ನಂತರ ಬರುತ್ತದೆ. ನೀರಿನಲ್ಲೇ ಬಿಟ್ಟ ತಾಮ್ರದ ತಂತಿ ಕಪ್ಪಾಗಿ, ಹಸಿರು ಹಿಡಿದು, ಸವೆಯತೊಡಗುತ್ತದೆ. ಒಂದು ದಿನ ನೀರು ತುಂಬಿದರೂ ಬಜರು ಮೌನವಾಗಿರುತ್ತದೆ.

ಇಲ್ಲಿ ನಡೆದದ್ದು ವಿದ್ಯುದ್ವಿಭಜನೆ. ಬ್ಯಾಟರಿಯ ಪ್ರವಾಹ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಪಾಸಿಟಿವ್ ಕಡೆಯ ತಾಮ್ರ ಕಣಕಣವಾಗಿ ನೀರಿಗೆ ಕರಗುತ್ತದೆ. ಆದಕಾರಣ ಈ ತಂತಿಗಳನ್ನು ಕುಡಿಯುವ ನೀರಿನಲ್ಲಿ ಇಡಲೇಬಾರದು. ಪರಿಹಾರಗಳನ್ನು ಮಗುವೇ ಪರೀಕ್ಷಿಸಲಿ. ತಾಮ್ರದ ಬದಲು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದರೆ ಎಷ್ಟು ದಿನ ಬಾಳುತ್ತದೆ? ಪೆನ್ಸಿಲ್ಲಿನ ಕಡ್ಡಿ ಹಾಕಿದರೆ? ಪ್ರವಾಹವನ್ನು ಸದಾ ಹಾಯಿಸದೆ, ನೋಡಬೇಕೆನಿಸಿದಾಗ ಮಾತ್ರ ಒಂದು ಕ್ಷಣ ಗುಂಡಿ ಒತ್ತಿ ಹಾಯಿಸಿದರೆ? ಅಥವಾ ತಂತಿ ನೀರು ಮುಟ್ಟುವುದೇ ಬೇಡವೆಂದು ಮೊದಲ ದಿನದ ತೇಲುವ ಥರ್ಮಾಕೋಲಿಗೆ ಆಯಸ್ಕಾಂತ ಅಂಟಿಸಿ, ಆಯಸ್ಕಾಂತ ಹತ್ತಿರ ಬಂದರೆ ತಾನೇ ಕೂಡಿಕೊಳ್ಳುವ ರೀಡ್ ಸ್ವಿಚ್ಚನ್ನು ಹೊರಗಿಟ್ಟರೆ? ಅಂಗಡಿಯಲ್ಲಿ ಸಿಗುವ ಅನೇಕ ಫ್ಲೋಟ್ ಸ್ವಿಚ್ಚುಗಳು ಕೆಲಸ ಮಾಡುವುದು ಹೀಗೆಯೇ.

ಒಮ್ಮೆ ನಡೆಯುವಂತೆ ಮಾಡುವುದು ಆಟ. ಮಳೆ, ಬಿಸಿಲು, ಉಪ್ಪುನೀರು ಎಲ್ಲವನ್ನೂ ತಾಳಿ ದಿನವೂ ನಡೆಯುವಂತೆ ಮಾಡುವುದು ಎಂಜಿನಿಯರಿಂಗ್. ಹಸಿರು ಹಿಡಿದ ತಂತಿಯನ್ನು ಎಸೆಯದೆ, ತಾರೀಖು ಬರೆದ ಚೀಟಿಯೊಂದಿಗೆ ನೋಟ್‌ಬುಕ್ಕಿಗೆ ಅಂಟಿಸಿಡಿ.

ಎರಡು ಗೆರೆ ಯಾಕೆ ಬೇಕು

ಬಜರಿನ ಜಾಗಕ್ಕೆ ಮೋಟರು ತಂದು, ನೀರು ತುಂಬಿದರೆ ಬಂದ್, ಕಡಿಮೆಯಾದರೆ ಚಾಲೂ ಎಂದು ಮಾಡೋಣ. ಮನೆಯ ಮೋಟರು ಖಂಡಿತ ಬೇಡ. ಸೆಲ್ಲಿನಿಂದ ನಡೆಯುವ ಪುಟ್ಟ ಪಂಪು ಸಾಕು. ಬಕೆಟ್ಟಿಗೆ ಒಂದೇ ಗೆರೆ ಎಳೆದು, ಅದರ ಕೆಳಗಿದ್ದರೆ ಚಾಲೂ, ಮೇಲಿದ್ದರೆ ಬಂದ್ ಎಂದು ನಿಯಮ ಮಾಡಿದರೆ ಏನಾಗುತ್ತದೆ? ನೀರು ಗೆರೆ ಮುಟ್ಟಿದ ಕೂಡಲೇ ಪಂಪು ನಿಲ್ಲುತ್ತದೆ. ಒಂದು ಲೋಟ ತೆಗೆದರೆ ಮತ್ತೆ ಚಾಲೂ, ಮರುಕ್ಷಣ ಬಂದ್. ನೀರಿನ ಅಲೆಗೇ ಪಂಪು ಕಟಕಟ ಎನ್ನತೊಡಗುತ್ತದೆ. ದೊಡ್ಡ ಮೋಟರು ಚಾಲೂ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಹೀಗೆ ಪದೇ ಪದೇ ಚಾಲೂ ಆದರೆ ಅದರ ಸುರುಳಿ ಕಾದು ಸುಡುತ್ತದೆ. ವೈಂಡಿಂಗ್ ಖರ್ಚು ಎಷ್ಟೆಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಪರಿಹಾರ ಎರಡು ಗೆರೆ. ಮಗು ಪಾಟಿಯ ಮೇಲೆ ಹೀಗೆ ಬರೆಯಲಿ:

ನೀರು ಕೆಳಗೆರೆಗಿಂತ ಕೆಳಗಿಳಿದರೆ, ಪಂಪು ಚಾಲೂ ಮಾಡು.
ನೀರು ಮೇಲುಗೆರೆ ಮುಟ್ಟಿದರೆ, ಪಂಪು ಬಂದ್ ಮಾಡು.
ನೀರು ಎರಡರ ನಡುವೆ ಇದ್ದರೆ, ಈಗ ಇದ್ದಂತೆಯೇ ಇರು.

ಮೂರನೆಯ ಸಾಲನ್ನು ಮಗುವಿನೊಂದಿಗೆ ನಿಧಾನವಾಗಿ ಓದಿ. ನಡುವಿನ ನೀರಿಗೆ ಒಂದೇ ಉತ್ತರವಿಲ್ಲ. ತುಂಬುತ್ತಿದ್ದಾಗ ಅರ್ಧ ಬಕೆಟ್ ಇದ್ದರೆ ಪಂಪು ಓಡುತ್ತಿರಬೇಕು. ಖಾಲಿಯಾಗುತ್ತಿದ್ದಾಗ ಅದೇ ಅರ್ಧ ಬಕೆಟ್ ಇದ್ದರೆ ನಿಂತಿರಬೇಕು. ಹಾಗಾದರೆ ಯಂತ್ರಕ್ಕೆ ಈಗಿನ ಮಟ್ಟ ಗೊತ್ತಿದ್ದರೆ ಸಾಲದು, ತಾನು ಸ್ವಲ್ಪ ಹೊತ್ತಿನ ಹಿಂದೆ ಏನು ಮಾಡುತ್ತಿದ್ದೆ ಎಂಬ ನೆನಪೂ ಇರಬೇಕು. ಎಂಜಿನಿಯರುಗಳು ಇದನ್ನು ಹಿಸ್ಟೆರಿಸಿಸ್ ಎನ್ನುತ್ತಾರೆ. ಫ್ರಿಜ್ಜು ಗಳಿಗೆಗೊಮ್ಮೆ ಗುರುಗುಟ್ಟದೆ ಬಿಡುವು ಕೊಟ್ಟು ಓಡುವುದು ಇದರಿಂದಲೇ. ಕಂಪ್ಯೂಟರಿಗೆ ನೆನಪಿನ ಶಕ್ತಿ ಏಕೆ ಬೇಕು ಎಂಬ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರ ಸಿಗುವುದು ಅಪರೂಪ. ಪಾಟಿಯ ಮೇಲಿನ ಈ ಮೂರು ಸಾಲು ಆಗಲೇ ಒಂದು ಪ್ರೋಗ್ರಾಂ.

ಕಲ್ಲುಗಳ ಸಾಲಿನಿಂದ ಕೋಡಿಂಗ್‌ಗೆ

ಕೋಡಿಂಗ್ ಕಲಿಯಲು ಕಂಪ್ಯೂಟರ್ ಕೊನೆಗೆ ಬಂದರೂ ಸಾಕು. 1967ರಲ್ಲಿ ಸೀಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದರು. ಅದರಲ್ಲಿ ಮಗು ಒಂದು ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಅಪ್ಪಣೆ ಕೊಟ್ಟು ಚಿತ್ರ ಬರೆಸುತ್ತದೆ. ಆಮೆ ಎಲ್ಲಿ ತಿರುಗಬೇಕೆಂದು ತಿಳಿಯದಿದ್ದರೆ ಮಗು ತಾನೇ ಎದ್ದು ನಡೆದು ನೋಡಬೇಕು ಎಂಬುದು ಪೇಪರ್ಟ್ ಅವರ ದಾರಿ.

ಹಾಗೆ ನಡೆದು ನೋಡಲು ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಒಂದು ಅಪೂರ್ವ ಜಾಗವಿದೆ. ಬೃಹತ್ ಶಿಲಾಯುಗದ ಜನ ಅಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಕ್ರಮಬದ್ಧ ಸಾಲುಗಳಲ್ಲಿ ಇಟ್ಟು ಹೋಗಿದ್ದಾರೆ. ನಾಲ್ಕು ಕಲ್ಲುಗಳ ಚೌಕ, ಅದರ ನಡುವೆ ಒಂದು ಕಲ್ಲು ಎಂಬಂತೆ ಸಾಲುಗಳು ಓರೆಯಾಗಿ ಸಾಗುತ್ತವೆ. ಮಕ್ಕಳನ್ನು ಕರೆದೊಯ್ದು, ಕಲ್ಲು ಮುಟ್ಟದೆ, ಸಾಲುಗಳ ನಡುವೆ ನಡೆಸಿ. ಆಮೇಲೆ ಮನೆಯ ಅಂಗಳದಲ್ಲಿ ಹರಳುಗಳಿಂದ ಅದೇ ವಿನ್ಯಾಸ ಹೂಡುವ ಅಪ್ಪಣೆಗಳನ್ನು ಬರೆಯಲು ಹೇಳಿ. ಒಬ್ಬರು ಅಪ್ಪಣೆ ಓದಬೇಕು, ಇನ್ನೊಬ್ಬರು ಸ್ವಂತ ಬುದ್ಧಿ ಬಳಸದೆ ಹೇಳಿದಷ್ಟನ್ನೇ ಮಾಡಬೇಕು.

‘ಹರಳು ಇಡು, ನಾಲ್ಕು ಗೇಣು ಮುಂದೆ ಹೋಗು, ಹರಳು ಇಡು, ನಾಲ್ಕು ಗೇಣು ಮುಂದೆ ಹೋಗು’ ಎಂದು ಬರೆದು ದಣಿದ ಮಗು, ‘ಇದನ್ನೇ ಆರು ಸಲ ಮಾಡು’ ಎಂದು ತಾನೇ ಚಿಕ್ಕದಾಗಿಸುತ್ತದೆ. ಅದು ಲೂಪ್. ಒಂದು ಸಾಲು ಮುಗಿದ ಮೇಲೆ ‘ಸಾಲಿನ ಆರಂಭಕ್ಕೆ ಮರಳು, ಎರಡು ಗೇಣು ಕೆಳಗೆ ಬಾ, ಮತ್ತೆ ಅದೇ ಸಾಲು ಮಾಡು’ ಎಂದಾಗ ಲೂಪಿನೊಳಗೆ ಲೂಪ್ ಬರುತ್ತದೆ. ಇಷ್ಟು ಬರೆದರೆ ಹರಳುಗಳು ಒಂದರ ಕೆಳಗೆ ಒಂದು ನೆಟ್ಟಗೆ ಕೂರುತ್ತವೆ; ನಡುವಿನ ಕಲ್ಲು ಬರುವುದಿಲ್ಲ. ಆಗ ‘ಸಾಲಿನ ಸಂಖ್ಯೆ ಸಮ ಆಗಿದ್ದರೆ ಎರಡು ಗೇಣು ಸರಿದು ಆರಂಭಿಸು’ ಎಂಬ ಷರತ್ತು ಬೇಕಾಗುತ್ತದೆ. ಪುನರಾವರ್ತನೆ, ಎಣಿಕೆ, ಷರತ್ತು, ತಪ್ಪು ಹುಡುಕಿ ತಿದ್ದುವುದು: ಪ್ರೋಗ್ರಾಮಿಂಗಿನ ಬುನಾದಿ ಅಂಗಳದಲ್ಲೇ ಬಿದ್ದಿತು.

ನಂತರ ಕಂಪ್ಯೂಟರ್ ಬರಲಿ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು 2007ರಲ್ಲಿ ಬಿಡುಗಡೆಯಾದ ಸ್ಕ್ರ್ಯಾಚ್ ಉಚಿತ; ಅದರಲ್ಲಿ ಅಪ್ಪಣೆಗಳು ಬಣ್ಣದ ತುಂಡುಗಳಾಗಿದ್ದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹನ್ನೊಂದು ಹನ್ನೆರಡು ವಯಸ್ಸಿನವರು ಪೈಥಾನ್‌ಗೆ ಬರಬಹುದು. ಆ ಭಾಷೆಯೊಳಗೆ ಪೇಪರ್ಟ್ ಅವರ ಆಮೆ ಈಗಲೂ ಇದೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ನೀರು, ಮಟ್ಟ, ಪಂಪು ಎಂದೇ ಬರೆದರೂ ಪ್ರೋಗ್ರಾಂ ಓಡುತ್ತದೆ. ಇಫ್, ವೈಲ್ ಮುಂತಾದ ಹತ್ತಾರು ಪದಗಳನ್ನು ಕಲಿತರೆ ಉಳಿದ ಯೋಚನೆಯೆಲ್ಲ ಮನೆಮಾತಿನಲ್ಲೇ ನಡೆಯಬಹುದು. ಕಂಪ್ಯೂಟರ್ ಇಲ್ಲದ ಮನೆಯಲ್ಲಿ ಮೊಬೈಲಿನಲ್ಲೂ ಪೈಥಾನ್ ನಡೆಸಬಹುದು.

ಬಿಸಿಲಿಗೆ ಓಡುವ ಸದ್ದು

ಪಾಟಿಯ ಮೇಲಿನ ಮೂರು ಸಾಲು ಪಂಪಿನ ಬಳಿಗೆ ಹೋಗಬೇಕಾದರೆ ಮೈಕ್ರೋಕಂಟ್ರೋಲರ್ ಬೇಕು. ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿನ್ಯಾಸದ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ಆರಂಭವಾದ ಆರ್ಡುಯಿನೋ ಎಂಬ ಫಲಕ, ಬ್ರಿಟನ್ನಿನ ಬಿಬಿಸಿ 2016ರಲ್ಲಿ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿದ ಮೈಕ್ರೋಬಿಟ್, ಇವೆರಡೂ ಮಕ್ಕಳಿಗೆ ಹೊಂದುತ್ತವೆ. ಆರ್ಡುಯಿನೋ ಮಾದರಿಯ ಫಲಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಓಣಿಯ ನಾಲ್ಕು ಮನೆಯ ಮಕ್ಕಳು ಸೇರಿ ಒಂದನ್ನು ಹಂಚಿಕೊಳ್ಳಬಹುದು.

ಅದಕ್ಕೆ ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸಿ ಬಕೆಟ್ಟಿನ ಮೇಲೆ ನೀರಿಗೆ ಮುಖ ಮಾಡಿ ಇಡಿ. ಅದು ನಮ್ಮ ಕಿವಿಗೆ ಕೇಳಿಸದ, ಸೆಕೆಂಡಿಗೆ 40,000 ಸಲ ಕಂಪಿಸುವ ಸದ್ದನ್ನು ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಸದ್ದು ಹೋಗಿ ಬರುವ ದಾರಿ ಎರಡು ಮೀಟರ್. ಸುಮಾರು 6 ಮಿಲಿಸೆಕೆಂಡಿನಲ್ಲಿ ಮರಳುತ್ತದೆ. ಸಮಯ ಗೊತ್ತಾದರೆ ದೂರ ಗೊತ್ತಾಯಿತು. ತಂತಿ ನೀರು ಮುಟ್ಟಬೇಕಿಲ್ಲ, ಹಸಿರು ಹಿಡಿಯುವ ಮಾತೇ ಇಲ್ಲ.

ಆದರೆ ಯಾದಗಿರಿಯ ಬಿಸಿಲು ಇಲ್ಲೂ ಒಂದು ಪಾಠ ಇಟ್ಟಿದೆ. ಗಾಳಿ ಬಿಸಿಯಾದಷ್ಟೂ ಸದ್ದು ವೇಗವಾಗಿ ಓಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. 40 ಡಿಗ್ರಿಯಲ್ಲಿ ಸುಮಾರು 355. ಪ್ರೋಗ್ರಾಮಿನಲ್ಲಿ 343 ಎಂದು ಬರೆದಿಟ್ಟರೆ ಮೇ ತಿಂಗಳ ಮಧ್ಯಾಹ್ನ ಒಂದು ಮೀಟರಿನ ದೂರ 97 ಸೆಂಟಿಮೀಟರಿನಂತೆ ಕಾಣುತ್ತದೆ. ಟ್ಯಾಂಕು ಇದ್ದುದಕ್ಕಿಂತ ಹೆಚ್ಚು ತುಂಬಿದೆ ಎಂದು ಯಂತ್ರ ನಂಬುತ್ತದೆ. ತಾಪಮಾನವನ್ನೂ ಅಳೆದು ಲೆಕ್ಕ ತಿದ್ದಿದರೆ ಸರಿಹೋಗುತ್ತದೆ. ಎಲ್ಲೋ ತಂಪು ದೇಶದಲ್ಲಿ ಬರೆದ ಪ್ರೋಗ್ರಾಮನ್ನು ನಮ್ಮೂರಿಗೆ ಹೊಂದಿಸಲು ನಮ್ಮೂರಿನ ಬಿಸಿಲು ಬಲ್ಲವರೇ ಬೇಕು.

ಕೈ ಹಾಕಬಾರದ ಜಾಗಗಳು

ಈ ಅಧ್ಯಾಯದ ಎಲ್ಲ ಪ್ರಯೋಗಗಳೂ ಸೆಲ್ಲು, 9 ವೋಲ್ಟ್ ಬ್ಯಾಟರಿ, ಇಲ್ಲವೇ 5 ವೋಲ್ಟಿನೊಳಗೇ ಮುಗಿಯುತ್ತವೆ. ಗೋಡೆಯ ಸಾಕೆಟ್ಟಿನ 230 ವೋಲ್ಟ್, ಹೊಲದ ಸ್ಟಾರ್ಟರಿನ 415 ವೋಲ್ಟ್ ಮಕ್ಕಳ ಕೈಗೆ ಸಿಗಲೇಬಾರದು. ಮಕ್ಕಳ ಜೋಡಣೆಯನ್ನು ಮನೆಯ ಮೋಟರಿಗೆ ಕೂಡಿಸುವ ಆಸೆ ದೊಡ್ಡವರಿಗೇ ಬರುತ್ತದೆ. ಆ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನದು. ಪ್ರಯೋಗಕ್ಕೆಂದು ಮಕ್ಕಳು ಟ್ಯಾಂಕು ಹತ್ತುವುದು, ಮೋಟರು ಇಳಿಸಿದ ತೊಟ್ಟಿಯ ನೀರು ಮುಟ್ಟುವುದು ಕೂಡದು.

ಹಳೆಯ ಸಾಮಾನು ಬಿಚ್ಚಿ ನೋಡುವುದು ಒಳ್ಳೆಯ ಪಾಠ. ಕೆಟ್ಟ ಆಟಿಕೆ, ಟಾರ್ಚು, ಸೆಲ್ಲು ತೆಗೆದ ರೇಡಿಯೊ, ಕೀಲಿ ಗಡಿಯಾರ ಬಿಚ್ಚಲಿ. ಟಿವಿ, ಇನ್ವರ್ಟರ್, ಮೊಬೈಲ್ ಚಾರ್ಜರ್ ಬೇಡ. ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತುತ್ತದೆ. ಗುಂಡಿಯಂಥ ಪುಟ್ಟ ಸೆಲ್ಲುಗಳನ್ನು ಕೂಸುಗಳಿಗೆ ಎಟುಕದಂತೆ ಇಡಿ. ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಡಬಹುದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕಲಿಸುವವರು ಏನು ಮಾಡಬೇಕು

ನಮಗೇ ಗೊತ್ತಿಲ್ಲದ್ದನ್ನು ಮಕ್ಕಳಿಗೆ ಹೇಗೆ ಕಲಿಸುವುದು ಎಂದು ಅನೇಕ ತಂದೆತಾಯಿಗಳು ಹಿಂಜರಿಯುತ್ತಾರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಆದರೆ ಕೈಕೆಲಸದ ಕಲಿಕೆ ಅಕ್ಷರಕ್ಕಿಂತ ಬಹಳ ಹಳೆಯದು, ಅದರ ಸಾಕ್ಷಿಯೂ ಇದೇ ನೆಲದಲ್ಲಿದೆ. ಹುಣಸಗಿ ಸಮೀಪದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1997ರಿಂದ ಉತ್ಖನನ ನಡೆಸಿ ಆದಿಮಾನವರ ಕಲ್ಲಿನ ಆಯುಧಗಳ ಕಾರ್ಯಾಗಾರವನ್ನೇ ಬೆಳಕಿಗೆ ತಂದರು. ಸುಣ್ಣಕಲ್ಲಿನ ಚಪ್ಪಡಿ, ಅದನ್ನು ಹೊಡೆಯುವ ಸುತ್ತಿಗೆಗಲ್ಲು, ಅರ್ಧ ಮುಗಿದ ಕೈಗೊಡಲಿ, ಕೆತ್ತುವಾಗ ಸಿಡಿದ ಚಕ್ಕೆ ಎಲ್ಲವೂ ಇದ್ದಲ್ಲೇ ಸಿಕ್ಕವು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ. ಅಷ್ಟು ನಾಜೂಕಾದ ಕೆಲಸ ಒಬ್ಬರನ್ನೊಬ್ಬರು ನೋಡಿ, ಅನುಕರಿಸಿ ಬಂದಿರಬೇಕೆಂದು ಸಂಶೋಧಕರು ವಾದಿಸಿದ್ದಾರೆ.

ಮಕ್ಕಳು ಇಂದಿಗೂ ಹಾಗೆಯೇ ಕಲಿಯುತ್ತಾರೆ. ಪಂಪ್‌ಸೆಟ್ ರಿಪೇರಿಯವರ ಅಂಗಡಿಯಲ್ಲಿ, ಬಡಗಿಯ ಮನೆಯಲ್ಲಿ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಅರ್ಧ ದಿನ ಕೂತು ನೋಡಲು ಮಕ್ಕಳನ್ನು ಬಿಡಿ. ‘ಕಾಕಾ, ಇದು ಯಾಕ ಹಿಂಗ ಆತು?’ ಎಂದು ಕೇಳುವ ಧೈರ್ಯ ಕೊಡಿ. ಓದು ಬಾರದ ಅಜ್ಜಿಯೂ ‘ನೀ ಮಾಡಿದ್ದು ನನಗ ತಿಳಿಸಿ ಹೇಳು’ ಎಂದು ಎದುರು ಕೂತರೆ ದೊಡ್ಡ ಶಿಕ್ಷಕಿಯಾಗುತ್ತಾಳೆ. ಬೇರೆಯವರಿಗೆ ವಿವರಿಸುವಾಗಲೇ ತನಗೆ ತಿಳಿಯದ್ದು ಎಲ್ಲಿದೆ ಎಂದು ಮಗುವಿಗೆ ಕಾಣುತ್ತದೆ. ಗೊತ್ತಿಲ್ಲದ್ದನ್ನು ದೊಡ್ಡವರೂ ಮಾಡುತ್ತಲೇ ಕಲಿಯಬಹುದು. 1840ರ ದಶಕದಲ್ಲಿ ಸುರಪುರಕ್ಕೆ ಬಂದು ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಭೂಮಾಪನ, ಎಂಜಿನಿಯರಿಂಗ್‌ಗಳನ್ನು ತಾನೇ ಓದಿ, ಮಾಡಿ ಕಲಿತ. ಬೋನಾಳ ಕೆರೆಯನ್ನು ಹಿಗ್ಗಿಸಿದ ಕೀರ್ತಿ ಅವನದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮನೆಗೆ ನೀರು ತುಂಬುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ನಳ ಯಾವಾಗ ಬರುತ್ತದೆ, ಕೊಡ ತುಂಬಲು ಎಷ್ಟು ಹೊತ್ತು ಬೇಕು, ಯಾವ ತಿಂಗಳು ಬೋರು ಸೊರಗುತ್ತದೆ ಎಂಬ ಲೆಕ್ಕವೆಲ್ಲ ಅವರ ಬಾಯಲ್ಲಿದೆ. ಆದರೆ ಸ್ಕ್ರೂಡ್ರೈವರ್ ಮನೆಯ ಗಂಡುಹುಡುಗನ ಕೈ ಸೇರುತ್ತದೆ. ಸಮಸ್ಯೆಯನ್ನು ಚೆನ್ನಾಗಿ ಬಲ್ಲವರ ಕೈಗೆ ಉಪಕರಣ ಕೊಡುವುದು ಎಂಜಿನಿಯರಿಂಗಿನ ಮೊದಲ ನಿಯಮ. ತಂಗಿಯೂ ತಂತಿ ಸುಲಿಯಲಿ, ಅಕ್ಕನೂ ಪ್ರೋಗ್ರಾಂ ಬರೆಯಲಿ.

ಹತ್ತು ಸಾವಿರ ಕ್ಯೂಸೆಕ್

ಬಕೆಟ್ಟಿನಲ್ಲಿ ಕಲಿತದ್ದು ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಮಕ್ಕಳನ್ನು ಕಾಲುವೆಯ ದಂಡೆಗೆ ಕರೆದೊಯ್ಯಬೇಕು. ನಾರಾಯಣಪುರ ಎಡದಂಡೆ ಕಾಲುವೆ 10,000 ಕ್ಯೂಸೆಕ್ ನೀರು ಹರಿಸಬಲ್ಲದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹಾಗಾದರೆ ತುಂಬಿ ಹರಿಯುವಾಗ ಸೆಕೆಂಡಿಗೆ 2.8 ಲಕ್ಷ ಲೀಟರ್. ಶಹಾಪುರ, ಮುದಬಾಳ, ಹುಣಸಗಿ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳಾಗಿ ಒಡೆದು ಅದು ಸುಮಾರು 4.5 ಲಕ್ಷ ಹೆಕ್ಟೇರ್ ನೆಲಕ್ಕೆ ನೀರುಣಿಸಬೇಕು. ಕಾಲುವೆಯ ಆರಂಭದವರು ಭತ್ತಕ್ಕೆಂದು ಹೆಚ್ಚು ನೀರು ಹಿಡಿದರೆ ಕೊನೆಯಂಚಿನ ರೈತರ ಹೊಲ ಒಣಗುತ್ತದೆ. ಆ ಸಂಕಟ ಇಲ್ಲಿಯ ಪ್ರತಿ ಮನೆಗೂ ಗೊತ್ತು.

ಈ ಕಾಲುವೆಯನ್ನು ಆಧುನೀಕರಿಸಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಅಳವಡಿಸಲಾಗಿದೆ. ಸುಮಾರು 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಸಂಬಂಧಿಸಿದ ಈ ಯೋಜನೆಯನ್ನು ಪ್ರಧಾನಿ ನರೇಂದ್ರ ಮೋದಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಸೆನ್ಸರು ನೀರಿನ ಮಟ್ಟ ಅರಿಯುತ್ತದೆ, ಕಂಪ್ಯೂಟರ್ ತೀರ್ಮಾನಿಸುತ್ತದೆ, ಮೋಟರು ಗೇಟನ್ನು ಏರಿಸಿ ಇಳಿಸುತ್ತದೆ. ಮೂರೂ ಕೆಲಸ ನಮ್ಮ ಮಗುವಿಗೆ ಪರಿಚಿತ. ಕಷ್ಟದ ಒಂದು ಅಂಶ ಮಾತ್ರ ಬಕೆಟ್ಟಿನಲ್ಲಿ ಇರಲಿಲ್ಲ: ಮೇಲಿನ ಗೇಟು ಎತ್ತಿದ ನೀರು ಕೆಳಗಿನ ಶಾಖೆ ತಲುಪಲು ಹಲವು ತಾಸು ಬೇಕು. ಈಗ ಕಂಡ ಕೊರತೆಗೆ ಈಗ ಗೇಟು ಎತ್ತಿದರೆ ತಡವಾಗಿ ಹೋಗಿರುತ್ತದೆ. ಮುಂದಾಗಿ ಊಹಿಸಿ ಬಿಡಬೇಕು. ಎರಡು ಬಕೆಟ್ಟುಗಳ ನಡುವೆ ಉದ್ದನೆಯ ಸಣ್ಣ ಪೈಪು ಹಾಕಿ ಮಗು ಈ ವಿಳಂಬವನ್ನೂ ಪರೀಕ್ಷಿಸಬಹುದು.

ಇಂಥ ವ್ಯವಸ್ಥೆ ಕಟ್ಟಲು ಹೊರಗಿನ ತಜ್ಞರು ಬರಬಹುದು. ನಡೆಸುವುದಕ್ಕೆ ದಿನವೂ ಇಲ್ಲೇ ಇರುವವರು ಬೇಕು. ಬಯಲಿನಲ್ಲಿರುವ ಸೆನ್ಸರಿಗೆ ಹೂಳು ಮೆತ್ತುತ್ತದೆ, ಜೇಡ ಬಲೆ ಕಟ್ಟುತ್ತದೆ, ಸಿಡಿಲು ಬಡಿಯುತ್ತದೆ, ಬಿಸಿಲಿಗೆ ಅಳತೆ ತಪ್ಪುತ್ತದೆ. ತಪ್ಪು ಅಳತೆಯನ್ನು ನಂಬಿ ಇಳಿದ ಗೇಟೊಂದು ಕೊನೆಯಂಚಿನ ಹಳ್ಳಿಯ ಬೆಳೆಯನ್ನೇ ಒಣಗಿಸಬಲ್ಲದು. ಹಸಿರು ಹಿಡಿದ ತಂತಿಯನ್ನು ಕಂಡ, ಎರಡು ಗೆರೆಗಳ ಲೆಕ್ಕ ಬಲ್ಲ, ಬಿಸಿಲಿನ ಮೂರು ಸೆಂಟಿಮೀಟರ್ ತಿದ್ದಿದ ಮಕ್ಕಳು ಬೆಳೆದು ಆ ಗೇಟುಗಳ ಬಳಿ ನಿಂತರೆ ನಂಬಿಕೆ ಇಡಬಹುದು.

ಆ ದಾರಿಯಲ್ಲಿ ನೆರವೂ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುವ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆಯ ಅಧ್ಯಯನ ಮಂಡಿಸಬಹುದು. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆ ಶಾಲಾಮಕ್ಕಳ ಆಯ್ದ ಹೊಸ ಯೋಚನೆಗಳಿಗೆ 10,000 ರೂಪಾಯಿ ಕೊಡುತ್ತದೆ. ಅಲ್ಲಿಗೆ ಹೋಗುವಾಗ ಮಗುವಿನ ಕೈಯಲ್ಲಿ ಅಂಗಡಿಯಿಂದ ತಂದ ಮಾದರಿ ಇರುವುದು ಬೇಡ. ನೀರಿನ ಮಟ್ಟಗಳನ್ನು ತಾರೀಖು ಹಾಕಿ ಬರೆದ ನೋಟ್‌ಬುಕ್ಕು ಇರಲಿ. ತನ್ನ ಊರಿನ ನೀರನ್ನು ತಾನೇ ಅಳೆದು ಬಲ್ಲ ಮಗು, ನಾಳೆ ಆ ನೀರು ಹೇಗೆ ಹಂಚಿಕೆಯಾಗಬೇಕು ಎಂಬ ಮಾತಿನಲ್ಲೂ ದನಿ ಎತ್ತಬಲ್ಲದು.